"ಹೊಟ್ಟ್ಯಾಗ ಗಡ್ಡಿ ಆಗಿ ಸತ್ತಳು"

ನಮ್ಮ ಭಂಕೂರದ ಕಡೆ ಹಳೇ ಮಂದಿ ಸತ್ತವರ ಬಗ್ಗೆ ಮಾತಾಡುವಾಗ ಸಾವಿನ ಕಾರಣವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಗಂಡಸರಾದರೆ "ಖಣಿಯಾಗ ಕಲ್ಲು ಬಿತ್ತು", "ಎದಿ ಹಿಡೀತು", "ಕುಡುದು ಸತ್ತ". ಹೆಂಗಸರಾದರೆ "ಹಡಿಯೋದ್ರಾಗ ಹೋದ್ಳು". ಇನ್ನೊಂದು, "ಹೊಟ್ಟ್ಯಾಗ ಗಡ್ಡಿ ಆಗಿ ಸತ್ತಳು".

ಗಡ್ಡಿ ಅಂದರೆ ಯಾವ ಗಡ್ಡಿ? ಗರ್ಭಕೋಶದ್ದಾ, ಕರುಳಿಂದಾ, ಅಂಡಾಶಯದ್ದಾ? ಯಾರಿಗೂ ಗೊತ್ತಿಲ್ಲ. ಇತ್ತೀಚೆಗೆ ನನಗೆ ಇದರ ಉತ್ತರ ನಿಜವಾಗಿಯೂ ಬೇಕಾಗಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಗಡ್ಡಿಯ ಇತಿಹಾಸ ಸ್ವಲ್ಪ ನೋಡೋಣ. (ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯುವವನು. ಹಾಗಾಗಿ ಇದನ್ನು ಓದಿ ಯಾರೂ ಚಿಕಿತ್ಸೆ ಮಾಡಿಕೊಳ್ಳಬೇಡಿ.)

ಹೊಟ್ಟೆಯ ಗಡ್ಡೆಗೆ ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ 'ಗುಲ್ಮ' ಅನ್ನುವ ಹೆಸರಿದೆ. ಚರಕ ಸಂಹಿತೆಯಲ್ಲಿ ಹೆಂಗಸರಿಗೆ ಮಾತ್ರ ಬರುವ 'ರಕ್ತಗುಲ್ಮ' ಅಂತ ಒಂದನ್ನು ಬೇರೆಯಾಗಿಯೇ ಹೇಳಿದ್ದಾರೆ. ಅದರ ಚಿಕಿತ್ಸೆಯನ್ನು ಹತ್ತನೇ ತಿಂಗಳು ಕಳೆದ ಮೇಲೆಯೇ ಶುರು ಮಾಡಬೇಕಂತೆ. ಯಾಕೆಂದರೆ ಅಲ್ಲಿಯವರೆಗೆ ಅದು ಗಡ್ಡೆಯೋ ಬಸಿರೋ ಹೇಳುವುದು ಕಷ್ಟ. ಇದನ್ನು ಇವತ್ತಿನ ಅಂಡಾಶಯದ ಕ್ಯಾನ್ಸರ್ ಅಂತ ನೇರವಾಗಿ ಹೇಳಿಬಿಡುವುದು ತಪ್ಪಾಗುತ್ತದೆ. ಆದರೆ ಆ ಗೊಂದಲ ಮಾತ್ರ ತುಂಬಾ ನಿಜ. ಹೊಟ್ಟೆ ಉಬ್ಬಿದ ಹೆಂಗಸನ್ನು ಕಂಡರೆ ಲೋಕಕ್ಕೆ ಮೊದಲು ಹೊಳೆಯುವುದು ಬಸಿರೇ.

1809ರಲ್ಲಿ ಅಮೆರಿಕದ ಕೆಂಟಕಿಯಲ್ಲೂ ಇದೇ ಆಯಿತು. ಜೇನ್ ಟಾಡ್ ಕ್ರಾಫರ್ಡ್ ಅನ್ನುವ 46 ವರ್ಷದ ಹೆಂಗಸಿಗೆ ಅವಳಿ ಮಕ್ಕಳಿವೆ, ದಿನ ತುಂಬಿದರೂ ಹೆರಿಗೆ ಆಗುತ್ತಿಲ್ಲ ಅಂತ ಅಲ್ಲಿನ ವೈದ್ಯರು ಎಫ್ರೇಮ್ ಮೆಕ್‌ಡೊವೆಲ್ ಎನ್ನುವ ಸರ್ಜನ್‌ನನ್ನು ಕರೆಸಿದರು. ಆತ ನೋಡಿ, ಇದು ಮಗುವಲ್ಲ, ಅಂಡಾಶಯದ ಗಡ್ಡೆ ಅಂದ. ಅಲ್ಲಿಯವರೆಗೆ ಹೊಟ್ಟೆ ಕೊಯ್ದು ಅದನ್ನು ತೆಗೆದು ರೋಗಿಯನ್ನು ಉಳಿಸಿದವರಿಲ್ಲ ಅನ್ನುವುದನ್ನೂ ಹೇಳಿದ. ಆಕೆ ಒಪ್ಪಿದಳು. ಅರವತ್ತು ಮೈಲಿ ಕುದುರೆಯ ಮೇಲೆ ಕೂತು ಅವನ ಊರಾದ ಡ್ಯಾನ್‌ವಿಲ್‌ಗೆ ಬಂದಳು. ಆ ವರ್ಷದ ಕ್ರಿಸ್‌ಮಸ್ ದಿನ ಆಪರೇಷನ್ ಆಯಿತು. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಇಪ್ಪತ್ತೈದು ನಿಮಿಷ ಆಕೆ ಪ್ರಾರ್ಥನೆಯ ಗೀತೆಗಳನ್ನು ಹೇಳಿಕೊಳ್ಳುತ್ತಾ ಮಲಗಿದ್ದಳು. ಹೊರಬಂದ ಗಡ್ಡೆ ಸುಮಾರು ಹತ್ತು ಕಿಲೋ. ಐದನೇ ದಿನ ಆತ ನೋಡಲು ಹೋದರೆ ಆಕೆ ತನ್ನ ಹಾಸಿಗೆಯನ್ನು ತಾನೇ ಸರಿ ಮಾಡುತ್ತಿದ್ದಳು! ಇಪ್ಪತ್ತೈದು ದಿನಕ್ಕೆ ಮನೆಗೆ ಹೋದಳು. ಆಮೇಲೆ 32 ವರ್ಷ ಬದುಕಿದಳು. (ಇಷ್ಟು ವರ್ಷ ಬದುಕಿದ್ದನ್ನು ನೋಡಿದರೆ ಅದು ಕ್ಯಾನ್ಸರ್ ಆಗಿರಲಿಕ್ಕಿಲ್ಲ, ಸಾದಾ ಗಡ್ಡೆ ಇರಬೇಕು.)

ಈ ಕಥೆ ವೈದ್ಯಕೀಯ ಇತಿಹಾಸದಲ್ಲಿ ಬಹಳ ಪ್ರಸಿದ್ಧ. ಆದರೆ ಅದರದೇ ಇನ್ನೊಂದು ತುಣುಕು ಅಷ್ಟು ಪ್ರಸಿದ್ಧವಲ್ಲ. ಮೆಕ್‌ಡೊವೆಲ್ 1817ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೂರು ಹೆಂಗಸರ ಆಪರೇಷನ್ ಇದೆ. ಉಳಿದಿಬ್ಬರು ಕಪ್ಪು ಹೆಂಗಸರು. ಜೇನ್‌ಳ ಹೆಸರನ್ನು ಜಗತ್ತು ನೆನಪಿಟ್ಟುಕೊಂಡಿತು, ಅವರಿಬ್ಬರು ವರದಿಯಲ್ಲಿ ಬರೀ "ನೀಗ್ರೋ ಹೆಂಗಸು" ಆಗಿಯೇ ಉಳಿದರು. ಅವರದೂ ಒಂದು ರೀತಿ "ಗಡ್ಡಿ ಆಗಿ" ಇತಿಹಾಸ.

ಅರಿವಳಿಕೆ ಬಂದದ್ದು 1846-47ರ ಸುಮಾರಿಗೆ, ಮೊದಲು ಈಥರ್, ಆಮೇಲೆ ಕ್ಲೋರೋಫಾರ್ಮ್. ಇಲ್ಲಿ ನಮ್ಮ ಸೀಮೆಯೂ ಇತಿಹಾಸದೊಳಗೆ ಸ್ವಲ್ಪ ಕಾಲಿಡುತ್ತದೆ. ಆಗ ಗುಲ್ಬರ್ಗಾ, ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲಾ ನಿಜಾಮನ ರಾಜ್ಯ. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಮೇಜಿನ ಮೇಲೆಯೇ ಸಾಯುತ್ತಿದ್ದರಲ್ಲ, ಅದು ಯಾಕೆ ಅಂತ ಹುಡುಕಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಕೂತವು. ನಡೆಸಿದವರು ಅಲ್ಲಿನ ಸರ್ಜನ್ ಎಡ್ವರ್ಡ್ ಲಾರಿ, ದುಡ್ಡು ಆರನೇ ನಿಜಾಮನದು. ನೂರಾರು ನಾಯಿಗಳ ಮೇಲೆ ಪ್ರಯೋಗ ಮಾಡಿ, ಉಸಿರಾಟ ನೋಡಿಕೊಂಡರೆ ಸಾಕು, ಹೃದಯಕ್ಕೆ ಅಪಾಯವಿಲ್ಲ ಅಂದರು. ಮುಂದೆ ಅದು ಪೂರ್ತಿ ಸರಿಯಲ್ಲ ಅಂತ ತಿಳಿಯಿತು, ಆ ಮಾತು ಬೇರೆ. ಅದೇ ಹೈದರಾಬಾದಿನಲ್ಲಿ ಕಲಿತ ರೂಪಾ ಬಾಯಿ ಫರ್ದೂನ್‌ಜಿಯನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಹೇಳುತ್ತಾರೆ.

ಆದರೆ ಹೈದರಾಬಾದಿನ ಆಸ್ಪತ್ರೆಗೂ ಭಂಕೂರದ ಹೆಂಗಸಿಗೂ ಏನು ಸಂಬಂಧ? ರೈಲು ಇತ್ತು, ಅದು ನಿಜ. ಮುಂಬೈಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಹಳಿ ಆಯಿತು. ನಿಮ್ಮ ಹಳೇ ಮನೆಯ ಪಡಸಾಲೆಗೆ ಬೂದು ಬಣ್ಣದ ಶಹಾಬಾದ್ ಕಲ್ಲು ಹಾಸಿದ್ದರೆ ಅದು ನಮ್ಮ ಸುತ್ತಲಿನ ಖಣಿಗಳಿಂದ ಬಂದದ್ದು. ಕಲ್ಲು ರೈಲು ಹತ್ತಿ ದೂರ ದೂರ ಹೋಯಿತು. ಹೊಟ್ಟೆನೋವಿನ ಹೆಂಗಸು ಮನೆಯಲ್ಲೇ ಉಳಿದಳು. 1941ರಲ್ಲಿ ಮುಂಬೈಯಲ್ಲಿ ಟಾಟಾ ಆಸ್ಪತ್ರೆ ಶುರುವಾದ ಮೇಲೆ, 1955ರಲ್ಲಿ ಹೈದರಾಬಾದಿನಲ್ಲಿ ಈಗ ಎಂಎನ್‌ಜೆ ಅಂತ ಕರೆಯುವ ಕ್ಯಾನ್ಸರ್ ಆಸ್ಪತ್ರೆ ಬಂದ ಮೇಲೆ ಕೈಯಲ್ಲಿ ಕಾಸಿದ್ದವರು, ಹಿಂದೆ ಗಂಡಸರಿದ್ದವರು ಒಬ್ಬೊಬ್ಬರೇ ಹೋಗತೊಡಗಿದರು. ನಮ್ಮಲ್ಲಿ ಈಗಲೂ "ಟಾಟಾಕ್ಕ ಹೋಗ್ಯಾರ" ಅಂದರೆ ಯಾರೂ ಮುಂದೆ ಏನೂ ಕೇಳುವುದಿಲ್ಲ, ಅರ್ಥವಾಗುತ್ತದೆ.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕನ್ನಡದವರೆಲ್ಲಾ ಒಂದಾದದ್ದು ಸಂತೋಷವೇ. ಆದರೆ ರೋಗಿಯ ಕಣ್ಣಿನಿಂದ ನೋಡಿದರೆ ರಾಜಧಾನಿ ಒಮ್ಮೆಲೇ ದೂರ ಹೋಯಿತು. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆ ಆಯಿತು. ನಮಗೆ ಅದು ಒಂದು ರಾತ್ರಿಯ ರೈಲು ಪ್ರಯಾಣ. (ಕಲಬುರಗಿಯಲ್ಲಿ ಕಿದ್ವಾಯಿಯ ಉಪಕೇಂದ್ರ ಬಂದದ್ದು ಬಹಳ ಆಮೇಲೆ.) 1982ರಿಂದ ಕಿದ್ವಾಯಿಯಲ್ಲಿ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಯಾವ ಕ್ಯಾನ್ಸರ್ ಎಷ್ಟು ಜನರಿಗೆ ಅಂತ. ಹಳ್ಳಿಯ ಜನಕ್ಕೆ ಅಂತ ಇಂಥ ಲೆಕ್ಕ ದೇಶದಲ್ಲಿ ಮೊದಲು ಶುರುವಾದದ್ದು ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ, 1987ರಲ್ಲಿ. ಇವೆರಡರ ನಡುವೆ ಇದ್ದ ನಮ್ಮ ಹಳ್ಳಿಗಳ ಹೆಂಗಸರು ಆ ಎರಡು ಪುಸ್ತಕದಲ್ಲೂ ಇಲ್ಲ.

ನಮ್ಮ ಅಜ್ಜಿಯ ತಂಗಿ ಸತ್ತದ್ದು ಸರಿಯಾಗಿ ಆ ಕಾಲದಲ್ಲಿ.

ಅಂದ ಹಾಗೆ, ಕಿದ್ವಾಯಿ ಹೆಸರು ಬಂದಾಗ ನಮ್ಮೂರ ಕಡೆಯವರು ಒಬ್ಬರ ಹೆಸರು ಹೇಳದೆ ಇರುವುದಿಲ್ಲ: ಡಾ. ವಿಜಯಲಕ್ಷ್ಮಿ ದೇಶಮಾನೆ. ಕಲಬುರಗಿಯ ಬಡ ದಲಿತ ಕುಟುಂಬದ ಮಗಳು. ತಾಯಿ ತರಕಾರಿ ಮಾರುತ್ತಿದ್ದರು, ಮಗಳ ಮೆಡಿಕಲ್ ಓದಿಗೆ ತಮ್ಮ ತಾಳಿಯನ್ನೇ ಕೊಟ್ಟರು ಅನ್ನುವುದು ಪತ್ರಿಕೆಗಳಲ್ಲಿ ಬಂದಿದೆ. ಹುಬ್ಬಳ್ಳಿಯಲ್ಲಿ ಓದಿ, ಕಿದ್ವಾಯಿಯಲ್ಲಿ ಸ್ತನ ಕ್ಯಾನ್ಸರ್ ಸರ್ಜನ್ ಆದರು. 2025ರಲ್ಲಿ ಪದ್ಮಶ್ರೀ ಬಂತು. ಅವರದು ಅಂಡಾಶಯದ ಕ್ಷೇತ್ರವಲ್ಲ, ಆದರೂ ನಮ್ಮ ಕಡೆಯ ಹೆಂಗಸರಿಗೆ ಬೆಂಗಳೂರಿನಲ್ಲಿ ತಮ್ಮದೇ ಭಾಷೆ ಆಡುವ ಡಾಕ್ಟರ್ ಇದ್ದಾರೆ ಅನ್ನುವುದೇ ದೊಡ್ಡ ಧೈರ್ಯ. ನಾನು ಸಣ್ಣವನಿದ್ದಾಗ ಈ ಮಾತು ಎಷ್ಟೋ ಸಲ ಕೇಳಿದ್ದೇನೆ.

ಇನ್ನು ಔಷಧಿ. ಈ ಕಾಯಿಲೆಗೆ ಇವತ್ತೂ ಕೊಡುವ ಎರಡು ಮುಖ್ಯ ಔಷಧಿಗಳ ಕಥೆ ಸಿನಿಮಾದಂತಿದೆ. 1965ರಲ್ಲಿ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅನ್ನುವ ವಿಜ್ಞಾನಿ ಬ್ಯಾಕ್ಟೀರಿಯಾಗಳಿಗೆ ಕರೆಂಟ್ ಕೊಟ್ಟರೆ ಏನಾಗುತ್ತದೆ ಅಂತ ನೋಡುತ್ತಿದ್ದ. ಅವು ಒಡೆದು ಎರಡಾಗುವುದನ್ನೇ ಬಿಟ್ಟು ಉದ್ದುದ್ದ ಬೆಳೆದವು. ಕರೆಂಟಿನಿಂದಲ್ಲ, ತಂತಿಯ ಪ್ಲಾಟಿನಂ ಕರಗಿ ಹಾಗಾಗಿತ್ತು. ಅದೇ ಸಿಸ್‌ಪ್ಲಾಟಿನ್, 1978ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. (ಬಗ್ ಹುಡುಕಲು ಹೋಗಿ ಫೀಚರ್ ಸಿಕ್ಕಂತೆ :-) ) ವಾಂತಿಯ ಕಾಟ ಕಡಿಮೆ ಇರುವ ಅದರ ತಂಗಿ ಕಾರ್ಬೋಪ್ಲಾಟಿನ್ 1989ರಲ್ಲಿ ಬಂತು. ಎರಡನೆಯದು ಟ್ಯಾಕ್ಸಾಲ್, ಅಂದರೆ ಪ್ಯಾಕ್ಲಿಟ್ಯಾಕ್ಸೆಲ್. ಅದು ಯೂ ಅನ್ನುವ ಮರದ ತೊಗಟೆಯಿಂದ ಬಂದದ್ದು. ಅದನ್ನು ಬೇರ್ಪಡಿಸಿ 1971ರಲ್ಲಿ ರಚನೆ ಪ್ರಕಟಿಸಿದವರಲ್ಲಿ ಮನ್ರೋ ವಾಲ್ ಜೊತೆ ಮನಸುಖ್ ವಾನಿ ಇದ್ದರು, ಮಹಾರಾಷ್ಟ್ರದ ನಂದುರಬಾರ್‌ನಲ್ಲಿ ಹುಟ್ಟಿದವರು. 1992ರಲ್ಲಿ ಅದು ಮೊಟ್ಟಮೊದಲು ಮಂಜೂರಾದದ್ದೇ ಅಂಡಾಶಯದ ಕ್ಯಾನ್ಸರಿಗೆ.

ಔಷಧಿ ಬಂತು, ಸರಿ. ಬೇಗ ಕಂಡುಹಿಡಿಯುವುದು? ಅದೇ ಇವತ್ತಿಗೂ ಆಗಿಲ್ಲ. ಸಿಎ-125 ಅನ್ನುವ ರಕ್ತಪರೀಕ್ಷೆ 1980ರ ದಶಕದಿಂದ ಇದೆ. ರೋಗ ಗೊತ್ತಾದವರಲ್ಲಿ ಚಿಕಿತ್ಸೆ ಹೇಗೆ ನಡೆದಿದೆ ಅಂತ ನೋಡಲು ಅದು ಒಳ್ಳೆಯದು. ಆದರೆ ಆರೋಗ್ಯವಾಗಿದ್ದವರಿಗೆಲ್ಲಾ ಪ್ರತಿ ವರ್ಷ ಅದನ್ನು ಮಾಡಿದರೆ ಜೀವ ಉಳಿಯುತ್ತದೆಯೇ? ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ವರ್ಷಗಟ್ಟಲೆ ಇದನ್ನು ಪರೀಕ್ಷಿಸಿ 2021ರಲ್ಲಿ ಅಂತಿಮ ಫಲಿತಾಂಶ ಹೇಳಿದರು: ಸಾವು ಕಡಿಮೆ ಆಗಲಿಲ್ಲ. ಹಾಗಾಗಿ ಉಳಿದಿರುವುದು ಲಕ್ಷಣಗಳು ಮಾತ್ರ. ಮೊದಲು ಇದನ್ನು "ಸದ್ದಿಲ್ಲದ ಕೊಲೆಗಾರ" ಅನ್ನುತ್ತಿದ್ದರು. 2004ರಲ್ಲಿ ಬಾರ್ಬರಾ ಗಾಫ್ ಮತ್ತು ಸಂಗಡಿಗರು ಅದು ಹಾಗಲ್ಲ ಅಂತ ತೋರಿಸಿದರು. ಸದ್ದು ಇರುತ್ತದೆ: ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ. ಹೊಸದಾಗಿ ಶುರುವಾಗಿ, ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಹೆಚ್ಚು ಇದ್ದರೆ ಸುಮ್ಮನೆ ಬಿಡಬಾರದು.

2017ರಲ್ಲಿ ನಮ್ಮ ಚಿಗವ್ವನಿಗೆ (ಅವ್ವನ ತಂಗಿ, ಇಬ್ಬರನ್ನೂ ಒಂದೇ ಊರಿಗೆ ಕೊಟ್ಟಿದ್ದಾರೆ) ಇದ್ದದ್ದು ಸರಿಯಾಗಿ ಇವೇ. ನಾನಾಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. "ಹೊಟ್ಟಿ ಉಬ್ಬಲಕತ್ತಾದ, ಉಣ್ಣಲಕ್ ಆಗವಲ್ದು" ಅನ್ನುತ್ತಿದ್ದಳು. "ಗ್ಯಾಸ್ ಆಗ್ಯಾದ ತಗೋ" ಅಂತ ಎಲ್ಲರೂ ಅಂದರು. ಅಜವಾನ ಆಯಿತು, ಸೋಡಾ ಆಯಿತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನಾಲ್ಕು ತಿಂಗಳು ಬರೀ ಗ್ಯಾಸಿನ ಗುಳಿಗೆ ಕೊಟ್ಟರು, ಒಂದು ಸಲವೂ ಹೊಟ್ಟೆ ಮುಟ್ಟಿ ನೋಡಲಿಲ್ಲ. ಕಡೆಗೆ ಸೀರೆಯ ಗಂಟು ಕಟ್ಟಲು ಆಗದಷ್ಟು ಹೊಟ್ಟೆ ಬಂದಾಗ ಸ್ಕ್ಯಾನಿಂಗ್. ಹೊಟ್ಟೆಯಿಂದ ನೀರು ತೆಗೆದರು. ಮೂರನೇ ಹಂತ ಅಂದರು. ಓಣಿಯಲ್ಲಿ ಅಷ್ಟರಲ್ಲಿ "ಈ ವಯಸ್ಸಿನ್ಯಾಗ ಬಸ್ರಾಗ್ಯಾಳ" ಅಂತ ಗುಸುಗುಸು ಆಗಿತ್ತು. ಚರಕನಿಂದ ಕೆಂಟಕಿ, ಕೆಂಟಕಿಯಿಂದ ನಮ್ಮ ಓಣಿ!

ಮೂರು ಕೀಮೋ, ಆಪರೇಷನ್, ಮತ್ತೆ ಮೂರು ಕೀಮೋ. ಮೂರು ವಾರಕ್ಕೊಮ್ಮೆ ವಾಡಿಯಿಂದ ರಾತ್ರಿ ರೈಲು. ದುಡ್ಡು ಎಲ್ಲಿಂದ ಬಂತು ಅನ್ನುವುದೂ ಇತಿಹಾಸವೇ, ಹೇಳಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ದೊಡ್ಡ ಆಸ್ಪತ್ರೆಯ ಚಿಕಿತ್ಸೆ ಉಚಿತ ಮಾಡಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದದ್ದು ಗುಲ್ಬರ್ಗಾ ವಿಭಾಗದಲ್ಲಿ. ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಬೇಕಾದರೆ ಇನ್ನೂ 50 ಸಾವಿರ. ಅದರಲ್ಲಿ ಕ್ಯಾನ್ಸರ್ ಇತ್ತು. ಯೋಜನೆ ಬಂದ 300 ಹಳ್ಳಿ, ಇನ್ನೂ ಬಾರದ ಗಡಿಯಾಚೆಯ 272 ಹಳ್ಳಿ ಎರಡನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯೊಳಗಿನ ಕಾಯಿಲೆಗಳಿಂದ ಬಡವರು ಸಾಯುವುದು ಶೇ. 64ರಷ್ಟು ಕಡಿಮೆ ಇತ್ತು. ನನಗಂತೂ ನಂಬಲು ಕಷ್ಟ ಅನ್ನಿಸುವಷ್ಟು ದೊಡ್ಡ ಸಂಖ್ಯೆ, ಎರಡು ಸಲ ಓದಿದೆ. 2018ರಲ್ಲಿ ಆ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು. ಚಿಗವ್ವನ ಚಿಕಿತ್ಸೆ ಶುರುವಾದದ್ದು ಒಂದು ಹೆಸರಿನಲ್ಲಿ, ಮುಗಿದದ್ದು ಇನ್ನೊಂದು ಹೆಸರಿನಲ್ಲಿ. ಅವಳಿಗೆ ಎರಡೂ "ಕಾರ್ಡು" ಅಷ್ಟೇ.

ಗುಣವಾದ ಮೇಲೆ ಏನು ಅನ್ನುವುದನ್ನು ಬಹಳ ಮಂದಿ ಬರೆಯುವುದಿಲ್ಲ. ನಟಿ ಮನೀಷಾ ಕೊಯಿರಾಲಾಗೆ 2012ರಲ್ಲಿ ಇದೇ ಕ್ಯಾನ್ಸರ್ ಆಯಿತು, ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದು 2018ರಲ್ಲಿ ಪುಸ್ತಕ ಬರೆದರು. ಚಿಗವ್ವ ಪುಸ್ತಕ ಬರೆಯುವವಳಲ್ಲ, ಅವಳ ಮಾತು ಕೇಳಿಕೊಂಡು ನಾನೇ ಇಲ್ಲಿ ಬರೆಯುತ್ತಿದ್ದೇನೆ (ಅವಳ ಒಪ್ಪಿಗೆ ಇದೆ, ಹೆಸರು ಬ್ಯಾಡ ಅಂದಿದ್ದಾಳೆ). ಅಂಗಾಲಿನಲ್ಲಿ "ಇರುವಿ ಹರದಂಗ" ಜೋಮು ಇವತ್ತಿಗೂ ಇದೆ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುವುದಿಲ್ಲ. ಕೂದಲು ಹೋಗಿ ಗುಂಗುರಾಗಿ ಬಂತು, ಅದನ್ನು ಮಾತ್ರ ಅವಳು ಖುಷಿಯಿಂದ ತೋರಿಸುತ್ತಾಳೆ. ಅವಳ ತಟ್ಟೆಯನ್ನು ಬೇರೆ ಇಟ್ಟ ಸಂಬಂಧಿಕರಿದ್ದಾರೆ, ಅಂಟುರೋಗ ಅಂತ ತಿಳಿದು. "ನಾ ಇನ್ನಾ ಸತ್ತಿಲ್ಲ ಅಂತ ಮಂದಿಗಿ ಬ್ಯಾಸರ ಆಗ್ಯಾದ" ಅಂತ ನಗುತ್ತಾಳೆ. ಆದರೆ ಸಿಎ-125 ಕೊಟ್ಟು ರಿಪೋರ್ಟ್ ಬರುವವರೆಗಿನ ಎರಡು ದಿನ ಅವಳ ಜೊತೆ ಯಾರೂ ಮಾತಾಡುವಂತಿಲ್ಲ. 2021ರಲ್ಲಿ ಒಮ್ಮೆ ಅದು ಏರಿತು, ರೋಗ ಮರಳಿತ್ತು. ಮತ್ತೆ ಆರು ಕೀಮೋ. ಈ ಕ್ಯಾನ್ಸರ್ ಹೀಗೆ ಮರಳುವುದು ಸಾಮಾನ್ಯ ಅಂತ ನಮಗೆ ಆಗಲೇ ತಿಳಿದದ್ದು.

ಆಗಲೇ ಬಿಆರ್‌ಸಿಎ ಪರೀಕ್ಷೆ ಮಾಡಿಸಲು ಹೇಳಿದರು. ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ಜಾಗ ಗುರುತಿಸಿದ, 1994ರಲ್ಲಿ ಕೈಗೆ ಸಿಕ್ಕ ಜೀನ್. ಒಂದು ಕಂಪನಿ ಅದರ ಮೇಲೆ ಪೇಟೆಂಟ್ ಹಿಡಿದು ಕೂತಿತ್ತು, 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕೃತಿಯಲ್ಲಿರುವ ಜೀನಿಗೆ ಪೇಟೆಂಟ್ ಇಲ್ಲ ಅಂದಿತು. ಬಿಆರ್‌ಸಿಎ-1ರಲ್ಲಿ ದೋಷ ಇದ್ದವರಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ. 40. ಉಳಿದವರಿಗೆ ಶೇ. ಒಂದರ ಆಸುಪಾಸು. ಚಿಗವ್ವನಿಗೆ ದೋಷ ಇದೆ ಅಂತ ರಿಪೋರ್ಟ್ ಬಂತು. ಇಂಥವರಿಗೆ ಅಂತಲೇ 2014ರಲ್ಲಿ ಮಂಜೂರಾದ ಓಲಾಪರಿಬ್ ಮಾತ್ರೆ ಇತ್ತು. ತಿಂಗಳ ಖರ್ಚು ಆಗಿನ ನನ್ನ ಸಂಬಳಕ್ಕಿಂತ ಬಹಳ ಹೆಚ್ಚು, ಆಗಲಿಲ್ಲ. ಮಾತ್ರೆ ಇಲ್ಲದೆಯೂ ಇವತ್ತಿನವರೆಗೆ ಬಂದಿದ್ದಾಳೆ.

ಈ ದೋಷ ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು, ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ. ಅಂದರೆ ಅವ್ವನಿಗೆ ಅರ್ಧ, ನನಗೆ ಕಾಲು. ಗಂಡಸರಿಗೂ ಇದು ಪೂರ್ತಿ ನಿರುಪದ್ರವಿಯಲ್ಲ. ಕೌನ್ಸೆಲರ್ ಮೇಡಂ ಮೂರು ತಲೆಮಾರಿನ ನಕ್ಷೆ ಬರೆಸಲು ಕೂತರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸತ್ತವರ ಮೇಲೆ ಓರೆ ಗೆರೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಜೋಡಿ ಗೆರೆ. ನಮ್ಮ ಮನೆಯಲ್ಲಿ ಸೋದರಮಾವ, ಅತ್ತೆಯ ಮಗ ಅಂತ ಜೋಡಿ ಗೆರೆ ಎಳೆದು ಎಳೆದು ಅವರ ಪೆನ್ನೇ ನಿಂತಿತು. ಡೇಟಾ ಸ್ಟ್ರಕ್ಚರ್ ಪುಸ್ತಕದ ಟ್ರೀ ಅಲ್ಲ ಅದು, ಗ್ರಾಫ್ :-)

ಆಮೇಲೆ ಕೇಳಿದರು, "ಮನೆಯಲ್ಲಿ ಬೇರೆ ಯಾರಿಗಾದರೂ ಸ್ತನದ್ದು, ಅಂಡಾಶಯದ್ದು ಆಗಿತ್ತಾ? ಯಾವ ವಯಸ್ಸಿನಲ್ಲಿ?"

ಅವ್ವ ನನ್ನ ಮುಖ ನೋಡಿದಳು. ನಮ್ಮ ಬಳಿ ಇದ್ದದ್ದು ಅದೇ ಒಂದು ಸಾಲು. ಅಜ್ಜಿಯ ತಂಗಿ, "ಹೊಟ್ಟ್ಯಾಗ ಗಡ್ಡಿ ಆಗಿ". ವೃತ್ತದ ಪಕ್ಕ ಅವರು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅವಳ ಮೇಲಿನ ತಲೆಮಾರಿನ ವೃತ್ತಗಳಿಗೆಲ್ಲಾ ಅದೇ ಚಿಹ್ನೆ. ಚೌಕಗಳ ವಿಷಯ ನಮಗೆ ಚೆನ್ನಾಗಿ ಗೊತ್ತಿತ್ತು. ಯಾವ ಮುತ್ಯಾ ಎಷ್ಟು ಎಕರೆ ಮಾರಿದ, ಯಾರು ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟ, ಎಲ್ಲಾ.

ಅಲ್ಲಿಂದ ನಾನು ಊರಿಗೆ ಹೋದಾಗಲೆಲ್ಲಾ ಅಜ್ಜಿಯ ಹತ್ತಿರ ಒಂದು ನೋಟ್‌ಬುಕ್ ಹಿಡಿದು ಕೂರುತ್ತೇನೆ. ಅವಳಿಗೆ ವರ್ಷಗಳು ನೆನಪಿಲ್ಲ, ಆದರೆ ವಾಡಿಯ ಸಿಮೆಂಟ್ ಫ್ಯಾಕ್ಟರಿಗೆ ಮೊದಲೋ ಆಮೇಲೋ, ಬರಗಾಲಕ್ಕೆ ಮೊದಲೋ ಆಮೇಲೋ ಅಂತ ಕೇಳಿದರೆ ಹೇಳುತ್ತಾಳೆ. ತಂಗಿಗೆ ನಲವತ್ತೈದರ ಸುಮಾರು. ಹೊಟ್ಟೆ "ಕೊಡ ಇಟ್ಟಂಗ" ಆಗಿತ್ತು, ಕೈಕಾಲು ಕಡ್ಡಿ. ಊಟ ಸೇರುತ್ತಿರಲಿಲ್ಲ. ಗುಲ್ಬರ್ಗಾದ ದವಾಖಾನೆಯಲ್ಲಿ ಎರಡು ಸಲ ನೀರು ತೆಗೆಸಿದ್ದರು. ಇದನ್ನು ಕೌನ್ಸೆಲರ್‌ಗೆ ಫೋನಿನಲ್ಲಿ ಹೇಳಿದೆ. ಪ್ರಶ್ನಾರ್ಥಕ ಚಿಹ್ನೆ ತೆಗೆಯಲಿಲ್ಲ, ಆದರೆ ವೃತ್ತದ ಪಕ್ಕ "ಅಂಡಾಶಯ ಇರಬಹುದು, 45" ಅಂತ ಬರೆದುಕೊಂಡರು. ಸತ್ತು ಮೂವತ್ತೈದು ವರ್ಷಕ್ಕೂ ಹೆಚ್ಚಾದ ಮೇಲೆ ಆಕೆಯ ಕಾಯಿಲೆಗೆ ಒಂದು ಹೆಸರು.

(ಈ ಹೆಸರೂ ಪೂರ್ತಿ ಸರಿಯಿಲ್ಲವಂತೆ. ಇಂಥ ಕ್ಯಾನ್ಸರುಗಳಲ್ಲಿ ಬಹಳಷ್ಟು ನಿಜಕ್ಕೂ ಶುರುವಾಗುವುದು ಅಂಡಾಶಯದಲ್ಲಲ್ಲ, ಪಕ್ಕದ ಗರ್ಭನಾಳದ ತುದಿಯಲ್ಲಿ ಅಂತ ಈಗ ಹೇಳುತ್ತಾರೆ. ವೇರಿಯೇಬಲ್‌ಗೆ ತಪ್ಪು ಹೆಸರಿಟ್ಟು, ಎಲ್ಲಾ ಕಡೆ ಬಳಸಿಯಾದ ಮೇಲೆ ಬದಲಾಯಿಸಲಾಗದ ಸ್ಥಿತಿ.)

ಅವ್ವ ಇನ್ನೂ ಪರೀಕ್ಷೆ ಮಾಡಿಸಿಲ್ಲ. "ಮೊದಲ ನಿನ್ನ ಲಗ್ನ ಆಗ್ಲಿ, ಇದೆಲ್ಲಾ ಹೊರಗ ಗೊತ್ತಾದ್ರ ಯಾರ್ ಕನ್ಯಾ ಕೊಡ್ತಾರ" ಅನ್ನುತ್ತಾಳೆ. ಅವಳ ಮಾತನ್ನು ತಳ್ಳಿಹಾಕಲು ಬರುವುದಿಲ್ಲ, ನಮ್ಮ ಕಡೆ ಅದು ನಿಜವಾದ ಭಯ. ಅವಳಿಗೀಗ 54. ದೋಷ ಇದ್ದರೆ ಅಂಡಾಶಯ ಮತ್ತು ನಾಳಗಳನ್ನು ಮೊದಲೇ ತೆಗೆಸಬಹುದು, ಅಪಾಯ ಬಹಳ ಕಡಿಮೆ ಆಗುತ್ತದೆ. ಚಿಗವ್ವನೇ ಈಗ ಅವಳ ಬೆನ್ನು ಹತ್ತಿದ್ದಾಳೆ. "ನಂಗ ಯಾರೂ ಮೊದಲ ಹೇಳಿರ್ಲಿಲ್ಲ, ನಿಂಗ ನಾ ಹೇಳ್ಲಕತ್ತೀನಿ" ಅಂತ ಹೋದ ವಾರ ಫೋನಿನಲ್ಲಿ ಜೋರಾಗಿಯೇ ಜಗಳವಾಯಿತು. ಕಡೆಗೆ ಅವ್ವ, ಬರುವ ಅಮಾಸಿ ಕಳೀಲಿ ಅಂದಿದ್ದಾಳೆ. ನಾನು ಅಮಾವಾಸ್ಯೆಯ ಮರುದಿನಕ್ಕೆ ರಜೆ ಹಾಕಿದ್ದೇನೆ. ಅಜ್ಜಿಗೆ ಇನ್ನೊಬ್ಬಳು ದೊಡ್ಡವ್ವನ ಮಗಳು ಇದ್ದಳಂತೆ, ಚಿಂಚೋಳಿ ಕಡೆ ಕೊಟ್ಟಿದ್ದರು, ಅವಳೂ "ಗಡ್ಡಿ ಆಗಿ". ಅವಳ ಮಕ್ಕಳು ಯಾರು, ಎಲ್ಲಿದ್ದಾರೆ ಅಂತ ಈ ಸಲ ಹೋದಾಗ ಕೇಳಬೇಕು.